ಪಂಚಕಲ್ಯಾಣಿ

ನಾಲ್ಕು ಕಾಲೂ ಬಿಳಿ, ಮುಖದ ಮೇಲೂ ಬಿಳಿ: ಅಂಥ ಕುದುರೆ ಪಂಚಕಲ್ಯಾಣಿ. ಹೆಸರಿನ ಎರಡೂ ಭಾಗ ಸಂಸ್ಕೃತ ಪದಗಳೇ. ‘ಪಂಚ’ ಅಂದರೆ ಐದು, ‘ಕಲ್ಯಾಣ’ ಅಂದರೆ ಶುಭ. ಐದು ಕಡೆ ಬಿಳಿ ಇದ್ದರೆ ಸುಲಕ್ಷಣ ಎಂಬ ನಂಬಿಕೆ ಹೆಸರಿನಲ್ಲೇ ಇದೆ. ಬಾಲ, ಜೂಲು, ಎದೆಯೂ ಬಿಳಿಯಾಗಿದ್ದರೆ ಅದು ಅಷ್ಟಮಂಗಳ. ರಾಜಸ್ಥಾನದ ಮಾರವಾಡಿ ಕುದುರೆ ಸಾಕುವವರು ಇಂದಿಗೂ ಪಂಚಕಲ್ಯಾಣ್ ಕುದುರೆಯನ್ನು ಮೆಚ್ಚಿ ಕೊಳ್ಳುತ್ತಾರೆ.

ಯುದ್ಧದಾಟಕ್ಕಾಗಿ 28 ಮಿಲಿಮೀಟರ್ ಅಳತೆಯ ಪುಟ್ಟ ಸವಾರ ಬೊಂಬೆಗಳಿಗೆ ಬಣ್ಣ ಹಚ್ಚುವವರಿಗೆ ಈ ಪದ ತುಂಬ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕುಂಚ ಎಲ್ಲೆಲ್ಲಿ ತಾಗಬೇಕೆಂದು ಅದೇ ಹೇಳುತ್ತದೆ. ಮೈ ಕೆಂಗಂದು, ಜೂಲು ಬಾಲ ಕಪ್ಪು ಇರುವ ಕುದುರೆಯನ್ನೇ ನೋಡಿ. ಅದರ ಕಾಲು ಮೊಣಕಾಲಿನಿಂದ ಕೆಳಗೆ ಕಪ್ಪು. ಪಂಚಕಲ್ಯಾಣಿಯಾದರೆ ಗೊರಸಿನ ಮೇಲೆ ಬಿಳಿ, ಅದರ ಮೇಲೆ ಕಪ್ಪು, ಆಮೇಲೆ ಮೈಬಣ್ಣ. ಬಿಳಿಯ ಅಂಚು ಗೆರೆ ಎಳೆದಂತೆ ನೇರ ಇರಬಾರದು. ಬಿಳಿ ಕಾಲಿನ ಗೊರಸು ಸಾಮಾನ್ಯವಾಗಿ ಕೊಂಬಿನಂಥ ತಿಳಿ ಬಣ್ಣದ್ದು. ಮುಖದ ಬಿಳಿ ಮೂತಿಯವರೆಗೆ ಇಳಿದಿದ್ದರೆ ಅಲ್ಲಿನ ಚರ್ಮ ನಸುಗೆಂಪು. ಅಚ್ಚ ಬಿಳಿಯನ್ನು ಮೊದಲೇ ಬಳಿಯಬೇಡಿ. ತಿಳಿಬೂದು ಹಚ್ಚಿ, ಒಣಗಿದ ಮೇಲೆ ಉಬ್ಬಿದ ಜಾಗಕ್ಕಷ್ಟೇ ಬಿಳಿ ಮುಟ್ಟಿಸಿ. ಇಡೀ ದಳವನ್ನೇ ಪಂಚಕಲ್ಯಾಣಿ ಮಾಡಬೇಡಿ, ದಳಪತಿಗೊಂದು ಸಾಕು.