ಷಿಕಾಗೊದ ಕೇರಿ ಸಮಿತಿಗಳು: ಹದಿಹರೆಯದವರ ಹಿಂಸೆಯನ್ನು ತಡೆಯುವ ಕಾಯಕದ ಇತಿಹಾಸ

ಎಳೆಯರ ಅಪರಾಧವನ್ನು ವಯಸ್ಕರ ಅಪರಾಧದಿಂದ ಬೇರೆಯಾಗಿ ಕಾಣಬೇಕೆಂಬ ವಿಚಾರಕ್ಕೆ ಅಮೆರಿಕದಲ್ಲಿ ಮೊದಲು ಪ್ರತ್ಯೇಕ ನ್ಯಾಯಾಲಯದ ರೂಪ ದೊರೆತದ್ದು ಷಿಕಾಗೊ ನಗರದಲ್ಲಿ. ಆ ನಗರವನ್ನು ಒಳಗೊಂಡ ಕುಕ್ ಕೌಂಟಿಯಲ್ಲಿ 1899ರ ಜುಲೈನಲ್ಲಿ ದೇಶದ ಮೊದಲ ಬಾಲ ನ್ಯಾಯಾಲಯ ಆರಂಭವಾಯಿತು. ಇದಕ್ಕಾಗಿ ಪಟ್ಟು ಹಿಡಿದವರಲ್ಲಿ ಹಲ್ ಹೌಸ್‌ನ ಮಹಿಳೆಯರು ಪ್ರಮುಖರು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ವಿದ್ಯಾವಂತರು ವಲಸಿಗ ಬಡವರ ಕೇರಿಯಲ್ಲಿಯೇ ವಾಸವಾಗಿದ್ದು ಅವರ ಕಷ್ಟಸುಖಗಳಲ್ಲಿ ಭಾಗಿಗಳಾಗುತ್ತಿದ್ದರು. ಆದರೆ ನ್ಯಾಯಾಲಯ ಕೈಹಾಕುತ್ತಿದ್ದುದು ಅಪರಾಧ ನಡೆದ ಮೇಲೆ. ಸುಧಾರಣಾ ಶಾಲೆಗೆ ಹೋದ ಹುಡುಗ ಅವಧಿ ಮುಗಿಸಿ ಹಿಂದಿರುಗುತ್ತಿದ್ದುದು ತಾನು ಕೆಟ್ಟ ಅದೇ ಬೀದಿಗೆ.

ಈ ಬೀದಿಯನ್ನೇ ಅಧ್ಯಯನದ ವಿಷಯವಾಗಿಸಿದವನು ಕ್ಲಿಫರ್ಡ್ ಷಾ. ಇಂಡಿಯಾನಾದ ಕೃಷಿಕ ಕುಟುಂಬದಿಂದ ಬಂದ ಈತ ಕೆಲಕಾಲ ಪೆರೋಲ್ ಹಾಗೂ ಪ್ರೊಬೇಷನ್ ಅಧಿಕಾರಿಯಾಗಿ, ಅಂದರೆ ಬಿಡುಗಡೆಯಾದ ಅಥವಾ ಷರತ್ತಿನ ಮೇಲೆ ಹೊರಗಿರುವ ಅಪರಾಧಿಗಳ ಮೇಲ್ವಿಚಾರಕನಾಗಿ ದುಡಿದು, ಆಮೇಲೆ ಸಮಾಜಶಾಸ್ತ್ರಜ್ಞನಾದವನು. ಸಹೋದ್ಯೋಗಿ ಹೆನ್ರಿ ಮೆಕೇ ಜೊತೆಗೂಡಿ ಆತ ಬಾಲ ನ್ಯಾಯಾಲಯದ ಕಡತಗಳಿಂದ ಹುಡುಗರ ವಿಳಾಸಗಳನ್ನು ಹೆಕ್ಕಿ, ಒಬ್ಬೊಬ್ಬನಿಗೆ ಒಂದೊಂದು ಚುಕ್ಕೆಯಂತೆ ನಗರದ ನಕ್ಷೆಯ ಮೇಲೆ ಗುರುತಿಸಿದನು. 1929ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಚುಕ್ಕೆಗಳು ನಗರದ ಕೇಂದ್ರದ ಸುತ್ತಲೂ ಕಾರ್ಖಾನೆಗಳ ಆಸುಪಾಸಿನಲ್ಲಿಯೂ ದಟ್ಟವಾಗಿ ಕವಿದಿದ್ದವು. ಇನ್ನೂ ಮಹತ್ವದ ಸಂಗತಿಯೆಂದರೆ, ದಶಕಗಳ ಅವಧಿಯಲ್ಲಿ ಜರ್ಮನರು ಮತ್ತು ಐರಿಷರು ಖಾಲಿ ಮಾಡಿದ ಮನೆಗಳಿಗೆ ಪೋಲಿಷರು ಮತ್ತು ಇಟಾಲಿಯನರು ಬಂದು ನೆಲೆಸಿದರೂ ಆ ಕೇರಿಗಳ ಅಪರಾಧದ ಪ್ರಮಾಣ ಹೆಚ್ಚಾಗಿಯೇ ಉಳಿದಿತ್ತು, ಬಿಟ್ಟುಹೋದವರ ಮಕ್ಕಳಲ್ಲಿ ಅದು ಇಳಿದಿತ್ತು. ವಲಸಿಗರ ರಕ್ತದಲ್ಲಿಯೇ ದೋಷವಿದೆಯೆಂದು ವಿದ್ವಾಂಸರೂ ರಾಜಕಾರಣಿಗಳೂ ನಿಸ್ಸಂಕೋಚವಾಗಿ ವಾದಿಸುತ್ತಿದ್ದ ಕಾಲದಲ್ಲಿ ಇದು ಗಟ್ಟಿಯಾದ ಉತ್ತರವಾಗಿತ್ತು.

ದೋಷ ಕೇರಿಯ ಬದುಕಿನ ಸ್ಥಿತಿಗತಿಯಲ್ಲಿದ್ದರೆ ಪರಿಹಾರವೂ ಕೇರಿಯವರಿಂದಲೇ ಹುಟ್ಟಬೇಕೆಂಬುದು ಷಾನ ನಿಲುವಾಯಿತು. 1932ರಲ್ಲಿ ರಸೆಲ್ ಸ್ಕ್ವೇರ್ ಎಂಬಲ್ಲಿ ಕೆಲಸ ಮೊದಲಾಗಿ, 1934ರಲ್ಲಿ ‘ಷಿಕಾಗೊ ಏರಿಯಾ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಅದು ನೋಂದಾಯಿತ ಸಂಸ್ಥೆಯಾಯಿತು. ರಸೆಲ್ ಸ್ಕ್ವೇರ್ ಉಕ್ಕಿನ ಕಾರ್ಖಾನೆಗಳಿಗೆ ಅಂಟಿಕೊಂಡಂತಿದ್ದ ಪೋಲಿಷ್ ಕಾರ್ಮಿಕರ ವಸತಿ. ಅಲ್ಲಿಯ ಜನಜೀವನಕ್ಕೆ ಸೇಂಟ್ ಮೈಕಲ್ ಚರ್ಚೇ ಕೇಂದ್ರ. ಹೊರಗಿನಿಂದ ತಜ್ಞರನ್ನು ಕರೆತರುವ ಬದಲು ಆ ನೆಲದವರನ್ನೇ ಸಂಬಳಕ್ಕೆ ನೇಮಿಸಿಕೊಳ್ಳುವುದು ಈ ಯೋಜನೆಯ ಕ್ರಮವಾಗಿತ್ತು, ಹಾಗೆ ನೇಮಕಗೊಂಡವರಲ್ಲಿ ಹಿಂದೆ ಅಪರಾಧ ಮಾಡಿ ಶಿಕ್ಷೆ ಅನುಭವಿಸಿದವರೂ ಇದ್ದರು. ಇವರಿಗೆ ಕಚೇರಿಯ ಮೇಜು ಮುಖ್ಯವಾಗಿರಲಿಲ್ಲ. ಹುಡುಗರ ಗುಂಪು ಕೂಡುವ ಬೀದಿಮೂಲೆಗೆ ಹೋಗಿ, ಅವರೊಡನೆ ಹರಟುತ್ತ, ಆಟಕ್ಕೆ ಕರೆಯುತ್ತ, ನಂಬಿಕೆ ಗಳಿಸಿಕೊಂಡ ಮೇಲೆ ಬುದ್ಧಿಮಾತು ಹೇಳುವುದೇ ಅವರ ಉದ್ಯೋಗ. ಇದಕ್ಕೆ ‘ಕರ್ಬ್‌ಸ್ಟೋನ್ ಕೌನ್ಸೆಲಿಂಗ್’ ಎಂಬ ಹೆಸರು ಬಿತ್ತು. ಬೀದಿಯಂಚಿನ ಕಲ್ಲಿನ ಮೇಲೆ ಕುಳಿತು ನಡೆಸುವ ಆಪ್ತಸಮಾಲೋಚನೆ ಎಂದು ಅದರ ಅರ್ಥ. ಹುಡುಗನೊಬ್ಬ ಪೊಲೀಸರ ಕೈಗೆ ಸಿಕ್ಕಿದಾಗ ಅವನ ಪರವಾಗಿ ಠಾಣೆಗೆ ಹೋಗುವುದು, ಶಾಲೆಯಿಂದ ಹೊರಬಿದ್ದವನನ್ನು ಮತ್ತೆ ಸೇರಿಸಿಕೊಳ್ಳುವಂತೆ ಮುಖ್ಯೋಪಾಧ್ಯಾಯರ ಮನವೊಲಿಸುವುದು, ಪೆರೋಲಿನ ಮೇಲೆ ಬರುವವನಿಗೆ ಊರಿನಲ್ಲಿ ಕೆಲಸ ಗೊತ್ತುಮಾಡುವುದು ಕೂಡ ಸ್ಥಳೀಯರ ಸಮಿತಿಯ ಹೊಣೆಯಾಗಿತ್ತು. ವೃತ್ತಿನಿರತ ಸಮಾಜಕಾರ್ಯಕರ್ತರಲ್ಲಿ ಅನೇಕರಿಗೆ ಇದು ಸಹ್ಯವಾಗಲಿಲ್ಲ. ತರಬೇತಿಯಿಲ್ಲದವರ ಕೈಗೆ ಸೂಕ್ಷ್ಮವಾದ ಕೆಲಸ ಒಪ್ಪಿಸಲಾಗಿದೆಯೆಂದು ಅವರು ಆಕ್ಷೇಪಿಸಿದರು. ಆದರೆ ಯಾವ ಪದವಿಯೂ ಕೊಡಲಾರದ ಒಂದು ಅರ್ಹತೆ, ಅಂದರೆ ಹುಡುಗರ ಗುರುತು ಮತ್ತು ವಿಶ್ವಾಸ, ಈ ಸ್ಥಳೀಯರಿಗಿತ್ತೆಂಬುದನ್ನು ಆ ಆಕ್ಷೇಪ ಗಮನಿಸಲಿಲ್ಲ.

ಯೋಜನೆಯ ಮಿತಿಗಳು ಬೇರೆ ಕಡೆ ಇದ್ದವು. ಅದರೊಡನೆ ದೀರ್ಘಕಾಲ ಸಂಬಂಧವಿದ್ದ ಸಾಲೊಮನ್ ಕೋಬ್ರಿನ್ 1959ರಲ್ಲಿ ಇಪ್ಪತ್ತೈದು ವರ್ಷಗಳ ಸಾಧನೆಯನ್ನು ಪರಾಮರ್ಶಿಸಿದಾಗ, ಅಪರಾಧ ಎಷ್ಟು ಕಡಿಮೆಯಾಯಿತೆಂಬುದನ್ನು ಖಚಿತವಾಗಿ ಅಳೆಯಲಾಗದೆಂದು ಒಪ್ಪಿಕೊಂಡನು. ಕೂಲಿಯ ದರವಾಗಲಿ ಮನೆಗಳ ದುಃಸ್ಥಿತಿಯಾಗಲಿ ಕೇರಿ ಸಮಿತಿಯ ಕೈಗೆಟುಕುವಂಥವಲ್ಲ. ಷಾನ ಬಳಿ ದುಡಿದಿದ್ದ ಸಾಲ್ ಅಲಿನ್‌ಸ್ಕಿ 1939ರಲ್ಲಿ ಕಸಾಯಿಖಾನೆ ಕಾರ್ಮಿಕರ ವಸತಿಯಲ್ಲಿ ಬೇರೊಂದು ಸಂಘಟನೆ ಕಟ್ಟಿ ನೇರ ಹೋರಾಟಕ್ಕಿಳಿದದ್ದು ಈ ಹಿನ್ನೆಲೆಯಲ್ಲಿ ಸಹಜವೇ ಆಗಿದೆ. ಇದಕ್ಕಿಂತ ನೋವಿನ ಪ್ರಶ್ನೆಯೊಂದಿದೆ. ಅದೇ ಉಕ್ಕಿನ ಕಾರ್ಖಾನೆಗಳ ಸೀಮೆಯ ಟ್ರಂಬಲ್ ಪಾರ್ಕ್‌ನ ಸರ್ಕಾರಿ ವಸತಿಗೃಹಗಳಿಗೆ 1953ರಲ್ಲಿ ಕಪ್ಪು ಕುಟುಂಬವೊಂದು ಬಂದಾಗ ಬಿಳಿಯ ನಿವಾಸಿಗಳು ತಿಂಗಳುಗಟ್ಟಲೆ ಗಲಭೆ ನಡೆಸಿದರು. ಕೇರಿಯ ಒಗ್ಗಟ್ಟನ್ನೇ ಔಷಧವೆಂದು ನೆಚ್ಚಿದ ಯಾವ ಸಿದ್ಧಾಂತವೂ ಆ ಒಗ್ಗಟ್ಟು ಯಾರನ್ನು ಹೊರಗಿಡುತ್ತದೆಂದು ಕೇಳದೆ ಮುಂದುವರಿಯುವಂತಿಲ್ಲ.

ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಬೀದಿ ಕಾರ್ಯಕರ್ತರ ಪದ್ಧತಿ ಇತರ ನಗರಗಳಿಗೂ ಹಬ್ಬಿತು. ಲಾಸ್ ಏಂಜಲೀಸ್‌ನಲ್ಲಿ ಮಾಲ್ಕಮ್ ಕ್ಲೈನ್ ನಡೆಸಿದ ಸಂಶೋಧನೆ ಮಾತ್ರ, ಗ್ಯಾಂಗನ್ನು ಗುಂಪಾಗಿಯೇ ಕಟ್ಟಿಕೊಂಡು ಮಾಡುವ ಸೇವೆ ಅದರ ಒಳಬಂಧವನ್ನು ಬಲಪಡಿಸಿ ಅಪರಾಧವನ್ನು ಹೆಚ್ಚಿಸಬಹುದೆಂದು ಎಚ್ಚರಿಸಿತು. ಷಿಕಾಗೊದಲ್ಲಿ ವುಡ್‌ಲಾನ್ ಆರ್ಗನೈಸೇಷನ್ ಎಂಬ ಕಪ್ಪು ಜನರ ಸಂಘಟನೆಗೆ 1967ರಲ್ಲಿ ಕೇಂದ್ರ ಸರ್ಕಾರ ಸುಮಾರು 9 ಲಕ್ಷ ಡಾಲರ್ ಅನುದಾನ ನೀಡಿ, ಎರಡು ಪ್ರತಿಸ್ಪರ್ಧಿ ಗ್ಯಾಂಗ್‌ಗಳ ಯುವಕರಿಗೆ ಅವುಗಳ ಮುಖಂಡರ ಮೂಲಕವೇ ಉದ್ಯೋಗ ತರಬೇತಿ ಕೊಡಿಸಲು ಮುಂದಾಯಿತು. ಮರುವರ್ಷ ಸೆನೆಟ್ ವಿಚಾರಣೆಯಲ್ಲಿ ಹಣ ದುರುಪಯೋಗದ ಆರೋಪಗಳು ಬಂದು ಯೋಜನೆ ನಿಂತುಹೋಯಿತು. ಅಪರಾಧದ ಹಿನ್ನೆಲೆಯುಳ್ಳವರ ಕೈಗೆ ಸಾರ್ವಜನಿಕ ಹಣ ಕೊಡುವುದಕ್ಕೆ ಅಂಜುವ ಸರ್ಕಾರಿ ಮನೋಭಾವ ಅಲ್ಲಿಂದ ಮುಂದೆ ಗಟ್ಟಿಯಾಯಿತು.

ಆದರೂ ಬೀದಿಯವರಿಂದಲೇ ಬೀದಿಯ ಹಿಂಸೆಯನ್ನು ತಡೆಯುವ ವಿಚಾರ 2000ರಲ್ಲಿ ನಗರದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಹೊಸ ಭಾಷೆಯೊಂದಿಗೆ ಮರಳಿತು. ಆಫ್ರಿಕಾದಲ್ಲಿ ಸಾಂಕ್ರಾಮಿಕ ರೋಗಗಳ ನಿಯಂತ್ರಣದಲ್ಲಿ ದುಡಿದಿದ್ದ ವೈದ್ಯ ಗ್ಯಾರಿ ಸ್ಲಟ್ಕಿನ್, ಗುಂಡೇಟಿಗೆ ಪ್ರತಿಯಾಗಿ ಗುಂಡೇಟು ಬೀಳುವ ಸರಣಿ ಸೋಂಕಿನಂತೆಯೇ ಹರಡುತ್ತದೆಂದು ವಾದಿಸಿ ‘ಸೀಸ್‌ಫೈರ್’ ಕಾರ್ಯಕ್ರಮ ಆರಂಭಿಸಿದನು. 2004ರಿಂದ ಅದು ನೇಮಿಸಿಕೊಂಡ ‘ಇಂಟರಪ್ಟರ್’ಗಳು, ಅಂದರೆ ಹಿಂಸೆಗೆ ನಡುವೆಯೇ ತಡೆಯೊಡ್ಡುವವರು, ಬಹುತೇಕ ಜೈಲು ಕಂಡುಬಂದವರೇ; ಗಾಯಗೊಂಡವನ ಗೆಳೆಯರನ್ನು ಕಂಡು, ಸೇಡಿನ ಕಾವು ಇಳಿಯುವ ತನಕ ಜೊತೆಗಿರುವುದು ಅವರ ಕೆಲಸವಾಗಿತ್ತು. ಸಂಶೋಧಕ ವೆಸ್ಲಿ ಸ್ಕೋಗನ್ ನೇತೃತ್ವದ ಮೌಲ್ಯಮಾಪನದಲ್ಲಿ ಕೆಲವು ಬಡಾವಣೆಗಳಲ್ಲಿ ಗುಂಡಿನ ದಾಳಿಗಳು ಗಣನೀಯವಾಗಿ ಇಳಿದದ್ದು ಕಂಡುಬಂದರೂ ಎಲ್ಲೆಡೆ ಫಲ ಒಂದೇ ಆಗಿರಲಿಲ್ಲ. ರಾಜ್ಯದ ಹಣ 2007ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ನಿಂತಿತು. 2016ರಲ್ಲಿ ನಗರದ ಕೊಲೆಗಳ ಸಂಖ್ಯೆ 750ನ್ನು ದಾಟಿತು; ಅನುದಾನದ ಕಡಿತವೊಂದೇ ಅದಕ್ಕೆ ಕಾರಣವೆನ್ನಲಾಗದಾದರೂ, ವರ್ಷಗಳಿಂದ ಬೆಳೆಸಿದ ಪರಿಚಯಗಳನ್ನು ಅಂಥ ಹೊತ್ತಿನಲ್ಲಿ ಕಡಿದುಹಾಕಿದ್ದು ಅಕ್ಷಮ್ಯ.

ಹದಿಹರೆಯದವರ ಹಿಂಸೆಯನ್ನು ತಡೆಯುವ ಇನ್ನೊಂದು ಯತ್ನ ಇದೇ ನಗರದ ಶಾಲೆಗಳೊಳಗೆ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮ. ಅದರಲ್ಲಿ ಒಂದು ಅಭ್ಯಾಸವಿದೆ. ಇಬ್ಬಿಬ್ಬರಾಗಿ ಕುಳಿತ ಹುಡುಗರಲ್ಲಿ ಒಬ್ಬನ ಮುಷ್ಟಿಗೆ ಚೆಂಡು ಕೊಟ್ಟು, ಮೂವತ್ತು ಸೆಕೆಂಡಿನಲ್ಲಿ ಅದನ್ನು ಪಡೆಯಬೇಕೆಂದು ಇನ್ನೊಬ್ಬನಿಗೆ ಹೇಳಲಾಗುತ್ತದೆ. ಬೆರಳು ಬಿಡಿಸುವ ಎಳೆದಾಟವೇ ನಡೆಯುತ್ತದೆಯೇ ಹೊರತು ಚೆಂಡು ಕೊಡೆಂದು ಕೇಳುವವರು ವಿರಳ. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಮಾರ್ಗದರ್ಶಕ ಆಮೇಲೆ ವಿಚಾರಿಸಿದಾಗ, ಕೊಡುತ್ತಿದ್ದೆ ಎಂಬ ಉತ್ತರವೇ ಸಾಮಾನ್ಯ. 2009-10ರಲ್ಲಿ 18 ಶಾಲೆಗಳ 2,740 ಹುಡುಗರಲ್ಲಿ ಯಾರಿಗೆ ಪ್ರವೇಶ ಸಿಗಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ, ಭಾಗವಹಿಸಿದವರಲ್ಲಿ ಹಿಂಸಾಪರಾಧದ ಬಂಧನಗಳು ಆ ವರ್ಷ ಅರ್ಧದ ಸಮೀಪಕ್ಕೆ ಇಳಿದಿದ್ದವು. ಕೋಬ್ರಿನ್‌ಗೆ ಸಾಧ್ಯವಾಗದ ಅಳತೆ ಹೀಗೆ ಸಾಧ್ಯವಾಯಿತು. ಆದರೆ ಕಾರ್ಯಕ್ರಮ ಮುಗಿದ ಮೇಲೆ, ಶಾಲೆ ಪೂರೈಸುವವರ ಪ್ರಮಾಣ ಏರಿದ್ದರೂ, ಬಂಧನಗಳಲ್ಲಿನ ಆ ಅಂತರ ಉಳಿಯಲಿಲ್ಲ. ಅಳೆಯಬಲ್ಲ ಹೊಸ ಯೋಜನೆಗಳು ವರ್ಷದ ಲೆಕ್ಕದಲ್ಲಿ ರೂಪುಗೊಳ್ಳುತ್ತಿದ್ದರೆ, ಅಳೆಯಲಾಗದ ಷಾನ ಸಮಿತಿಗಳನ್ನು ಕೇರಿಯ ಕಾಯಂ ಸಂಸ್ಥೆಗಳಾಗಲೆಂದೇ ಕಟ್ಟಲಾಗಿತ್ತು, ಮತ್ತು ಆತ 1957ರಲ್ಲಿ ತೀರಿಕೊಂಡ ಬಳಿಕವೂ ಅವನ ಮೂಲ ಸಂಸ್ಥೆ ಷಿಕಾಗೊದಲ್ಲಿ ಕೆಲಸ ಮುಂದುವರಿಸಿದೆ.