ಲಿನಕ್ಸ್ ವೇಗಮಿತಿ: ತಪ್ಪಿದ ಲೆಕ್ಕಗಳ ಚರಿತ್ರೆ

ಲಿನಕ್ಸ್ ಯಂತ್ರದಿಂದ ಹೊರಹೋಗುವ ದತ್ತಾಂಶಕ್ಕೆ ವೇಗಮಿತಿ ಹಾಕುವ ವ್ಯವಸ್ಥೆ 1999ರ ಜನವರಿಯಲ್ಲಿ ಬಿಡುಗಡೆಯಾದ 2.2 ಕರ್ನಲ್‌ನೊಂದಿಗೆ ವ್ಯಾಪಕ ಬಳಕೆಗೆ ಬಂತು. ಅದನ್ನು ರೂಪಿಸಿದವರು ರಷ್ಯಾದ ಅಲೆಕ್ಸಿ ಕುಜ್ನೆಟ್ಸೊವ್. ಅವರ ‘ಟಿಸಿ’ ಕಮಾಂಡ್ ಇಂದಿಗೂ ಬಳಕೆಯಲ್ಲಿದೆ. ಕೊಟ್ಟ ಮಿತಿಗೂ ತಂತಿಯ ಮೇಲೆ ಕಾಣುವ ವೇಗಕ್ಕೂ ತಾಳೆಯಾಗುವುದಿಲ್ಲವೆಂಬ ದೂರೂ ಅಷ್ಟೇ ಹಳೆಯದು. ಕರ್ನಲ್ ಸಮಯವನ್ನು ಅಳೆಯುವ ಬಗೆ, ಪ್ಯಾಕೆಟ್‌ನ ಉದ್ದವನ್ನು ಎಣಿಸುವ ಬಗೆ: ಹೆಚ್ಚಿನ ದೂರುಗಳ ಬೇರು ಈ ಎರಡರಲ್ಲಿದೆ.

ಮೊದಲ ಕಾಲದ ಮುಖ್ಯ ವಿಧಾನ ಸಿಬಿಕ್ಯೂ. ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ 1995ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ತಳಹದಿ. ಅದು ಕಳಿಸಿದ ಬೈಟ್‌ಗಳನ್ನು ನೇರವಾಗಿ ಎಣಿಸುತ್ತಿರಲಿಲ್ಲ. ಎರಡು ಪ್ಯಾಕೆಟ್‌ಗಳ ನಡುವೆ ಸಂಪರ್ಕ ಎಷ್ಟು ಹೊತ್ತು ಖಾಲಿಯಿತ್ತು ಎಂಬುದರಿಂದ ವೇಗವನ್ನು ಅಂದಾಜಿಸುತ್ತಿತ್ತು. ಅದಕ್ಕಾಗಿ ಸಂಪರ್ಕದ ನಿಜವಾದ ಸಾಮರ್ಥ್ಯವನ್ನೂ ಪ್ಯಾಕೆಟ್‌ನ ಸರಾಸರಿ ಗಾತ್ರವನ್ನೂ ನಿರ್ವಾಹಕರೇ ತಿಳಿಸಬೇಕಿತ್ತು. ಒಂದು ಊಹೆ ತಪ್ಪಿದರೂ ಫಲಿತಾಂಶ ಕೆಡುತ್ತಿತ್ತು. ಜೆಕ್ ದೇಶದ ಮಾರ್ಟಿನ್ ದೆವೆರಾ ಈ ಅಂದಾಜನ್ನೇ ಕೈಬಿಟ್ಟು, ಟೋಕನ್ (ನಿಗದಿತ ವೇಗದಲ್ಲಿ ಜಮೆಯಾಗುವ, ಬೈಟ್ ಕಳಿಸುವ ಅನುಮತಿ) ಎಣಿಸುವ ಎಚ್‌ಟಿಬಿಯನ್ನು ಬರೆದರು. 2002ರ ನವೆಂಬರಿನಲ್ಲಿ 2.4.20 ಕರ್ನಲ್ ಅದನ್ನು ಸೇರಿಸಿಕೊಂಡಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಸಿಬಿಕ್ಯೂ ಮಾತ್ರ 2023ರ 6.3 ಆವೃತ್ತಿಯವರೆಗೂ ಕರ್ನಲ್‌ನಲ್ಲಿ ಉಳಿದಿತ್ತು.

ಟೋಕನ್ ಎಣಿಕೆಗೂ ಗಡಿಯಾರದ ತೊಡಕು ತಪ್ಪಲಿಲ್ಲ. ಆಗಿನ ಸಾಮಾನ್ಯ ಇಂಟೆಲ್ ಯಂತ್ರಗಳಲ್ಲಿ ಕರ್ನಲ್‌ನ ಟೈಮರ್ ಸೆಕೆಂಡಿಗೆ 100 ಸಲ ಮಾತ್ರ ಮಿಡಿಯುತ್ತಿತ್ತು. ಸೆಕೆಂಡಿಗೆ 10 ಮೆಗಾಬಿಟ್ ಮಿತಿ ಹಾಕಿದರೆ, ಒಂದು ಮಿಡಿತದಿಂದ ಇನ್ನೊಂದಕ್ಕೆ 12,500 ಬೈಟ್‌ಗಳು ಹೊರಹೋಗಬೇಕು. ಟೋಕನ್ ಕೂಡಿಡುವ ಬಕೆಟ್‌ನ ಅಳತೆ, ಅಂದರೆ ‘ಬರ್ಸ್ಟ್’, 5,000 ಬೈಟ್ ಮಾತ್ರವಿದ್ದರೆ ವೇಗ ಸುಮಾರು 4 ಮೆಗಾಬಿಟ್‌ನಲ್ಲೇ ನಿಲ್ಲುತ್ತಿತ್ತು. ಮಿತಿ ಸರಿಯಾಗಿಯೇ ಬರೆದಿದೆ, ತಂತಿಯಲ್ಲೂ ದೋಷವಿಲ್ಲ, ಆದರೂ ವೇಗ ಅರ್ಧಕ್ಕಿಂತ ಕಡಿಮೆ! ಬರ್ಸ್ಟ್ ಹೆಚ್ಚಿಸುವುದೊಂದೇ ಆಗ ಇದ್ದ ಸುಲಭ ಪರಿಹಾರ. 2007ರಲ್ಲಿ ಸೂಕ್ಷ್ಮ ಟೈಮರ್‌ಗಳು ಬಂದ ಮೇಲೆ ಈ ತೊಡಕು ಬಹುಪಾಲು ನೀಗಿತು.

ಉದ್ದದ ಲೆಕ್ಕ ಇನ್ನೂ ಜಟಿಲ. ಎಡಿಎಸ್ಎಲ್ ಸಂಪರ್ಕಗಳಲ್ಲಿ ದತ್ತಾಂಶ ಹೋಗುತ್ತಿದ್ದುದು 53 ಬೈಟ್‌ಗಳ ಎಟಿಎಂ ಕೋಶಗಳಲ್ಲಿ. ಪ್ರತಿ ಕೋಶದಲ್ಲಿ ಸರಕಿಗೆ ಇದ್ದ ಜಾಗ 48 ಬೈಟ್. ತಲುಪಿತೆಂದು ತಿಳಿಸುವ 40 ಬೈಟ್‌ನ ಪುಟ್ಟ ಟಿಸಿಪಿ ಪ್ಯಾಕೆಟ್, ಹೊದಿಕೆಗಳೆಲ್ಲ ಸೇರಿ ಎರಡು ಕೋಶಗಳನ್ನು ಹಿಡಿದು 106 ಬೈಟ್ ಆಗುತ್ತಿತ್ತು. ಈ ಹೆಚ್ಚಳ ಕರ್ನಲ್‌ಗೆ ಕಾಣುತ್ತಿರಲಿಲ್ಲ. ಹಾಗಾಗಿ ಮಿತಿಯನ್ನು ಸಂಪರ್ಕದ ಸಾಮರ್ಥ್ಯಕ್ಕಿಂತ ಕಡಿಮೆ ಇಟ್ಟರೂ ಮೋಡೆಮ್‌ನಲ್ಲಿ ಸಾಲು ಬೆಳೆದು, ಮಿತಿ ಹಾಕಿದ ಉದ್ದೇಶವೇ ವಿಫಲವಾಗುತ್ತಿತ್ತು. ಡೆನ್ಮಾರ್ಕಿನ ಯೆಸ್ಪರ್ ಬ್ರೌವರ್ ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಬಿಡಿಸಿಟ್ಟರು. ಮುಂದೆ ಹೊದಿಕೆಯ ಗಾತ್ರವನ್ನೂ ಸಂಪರ್ಕದ ಬಗೆಯನ್ನೂ ಟಿಸಿಗೆ ತಿಳಿಸುವ ಅವಕಾಶ ದೊರೆಯಿತು.

ವೇಗ ಗಿಗಾಬಿಟ್‌ಗೆ ಏರಿದಾಗ ಹಳೆಯ ಕೋಷ್ಟಕಗಳೂ ಸೋತವು. ಪ್ಯಾಕೆಟ್ ಕಳಿಸಲು ತಗಲುವ ಹೊತ್ತನ್ನು 256 ಮನೆಗಳ ಪಟ್ಟಿಯಿಂದ ಓದಲಾಗುತ್ತಿತ್ತು. ಎಣಿಕೆಯ ಮಾನ ಬಹುಕಾಲ ಸುಮಾರು ಒಂದು ಮೈಕ್ರೊಸೆಕೆಂಡ್. ಆ ವೇಗದಲ್ಲಿ 64 ಬೈಟ್‌ಗೆ ಬೇಕಾಗುವುದು ಅದರ ಅರ್ಧದಷ್ಟು ಹೊತ್ತು. 2006ರ ನಂತರ ಹಲವು ಪ್ಯಾಕೆಟ್‌ಗಳನ್ನು 64 ಕಿಲೊಬೈಟ್‌ವರೆಗಿನ ಒಂದೇ ಗಂಟಾಗಿ ಸಾಗಿಸುವ ಜಿಎಸ್ಒ ತಂತ್ರವೂ ಸೇರಿತು. ಪಟ್ಟಿ ಅಷ್ಟು ದೊಡ್ಡ ಗಾತ್ರಕ್ಕಾಗಿ ಮಾಡಿದ್ದಲ್ಲ. 2013ರಲ್ಲಿ ಪಟ್ಟಿಯ ಬದಲು ನ್ಯಾನೊಸೆಕೆಂಡ್ ಲೆಕ್ಕ ಬಂತು.

ಆದರೆ ಒಂದು ತಪ್ಪಿಗೆ ಕರ್ನಲ್‌ನಲ್ಲಿ ಮದ್ದಿಲ್ಲ. ಟಿಸಿಯ ಭಾಷೆಯಲ್ಲಿ ‘ಎಂಬಿಪಿಎಸ್’ ಎಂದರೆ ಸೆಕೆಂಡಿಗೆ ಮೆಗಾಬೈಟ್, ಮೆಗಾಬಿಟ್ ಅಲ್ಲ. ಮಿತಿ ಎಂಟು ಪಟ್ಟು ಸಡಿಲವಾಗಿ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ. ಅಲ್ಲಿ ‘ಎಂಬಿಟ್’ ಎಂದು ಬರೆಯಬೇಕು.