ಲಂಬಗುಣ ಇರುವಲ್ಲಿ, ಇಲ್ಲದಲ್ಲಿ: ಸ್ಪೆಕ್ಟ್ರಲ್ ಮೆಷರ್‌ಗಳ ಮೇಲಿನ ಅನುಕಲನ

ಸಮಮಿತಿಯುಳ್ಳ ಒಂದು ಮಾತೃಕೆಯನ್ನು ಅದರ ಐಗನ್ ಮೌಲ್ಯಗಳಾಗಿ ಬಿಡಿಸಬಹುದು. ಪ್ರತಿ ಮೌಲ್ಯಕ್ಕೂ ಒಂದು ಪ್ರಕ್ಷೇಪವಿರುತ್ತದೆ. ಮೌಲ್ಯವನ್ನು ಅದರ ಪ್ರಕ್ಷೇಪದಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ಮಾತೃಕೆ ಮರಳಿ ದೊರೆಯುತ್ತದೆ. ಆಯಾಮಗಳು ಅನಂತವಾದಾಗ ಈ ದಾರಿ ಮುಚ್ಚಿಹೋಗಬಹುದು. 0ಯಿಂದ 1ರವರೆಗಿನ ಫಂಕ್ಷನ್‌ಗಳನ್ನು x ನಿಂದ ಗುಣಿಸುವ ಆಪರೇಟರ್‌ಗೆ ಒಂದೇ ಒಂದು ಐಗನ್ ಮೌಲ್ಯವೂ ಇಲ್ಲ. ಕೂಡಲು ಪದಗಳೇ ಇಲ್ಲದ ಇಂಥ ಕಡೆ ಮೊತ್ತದ ಬದಲು ಅನುಕಲನ ಬರುತ್ತದೆ. ಸಂಖ್ಯೆಗಳ ಅಳೆಯಬಲ್ಲ ಪ್ರತಿ ಗಣಕ್ಕೂ ಒಂದು ಪ್ರಕ್ಷೇಪವನ್ನು ಕೊಡುವ ಸ್ಪೆಕ್ಟ್ರಲ್ ಮೆಷರ್ ಅದಕ್ಕೆ ಆಧಾರ.

ಈ ಅನುಕಲನದ ಬಲವೆಲ್ಲ ಒಂದೇ ಗುಣದಲ್ಲಿದೆ: ಪರಸ್ಪರ ಬೇರೆಯಾದ ಗಣಗಳ ಪ್ರಕ್ಷೇಪಗಳು ಒಂದಕ್ಕೊಂದು ಲಂಬವಾಗಿರುತ್ತವೆ. ಹಾಗಾಗಿ ತುಂಡುಗಳ ಮೊತ್ತದ ಉದ್ದವನ್ನು ಪೈಥಾಗೊರಸ್ ಪ್ರಮೇಯವೇ ಅಳೆಯುತ್ತದೆ. ಫಂಕ್ಷನ್ನಿನ ಗರಿಷ್ಠ ಬೆಲೆಯನ್ನು ಅನುಕಲನದ ಗಾತ್ರ ಎಂದೂ ಮೀರುವುದಿಲ್ಲ. ಸೀಮಿತವಾದ, ಅಳೆಯಬಲ್ಲ ಯಾವ ಫಂಕ್ಷನ್ನನ್ನಾದರೂ ನಿಶ್ಚಿಂತೆಯಿಂದ ಅನುಕಲಿಸಬಹುದು. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಈ ಕ್ಷೇತ್ರ ಬೆಳೆದದ್ದು ಈ ಲಂಬಗುಣವನ್ನು ಬಳಸಿಕೊಂಡು. ಅದು ಸಿಗದಾಗ ಬೇರೆ ದಾರಿ ಹುಡುಕಿಕೊಂಡು.

ಬೇಕಾದ ಸಾಧನವನ್ನು 1894ರಲ್ಲಿ ಸ್ಟೀಲ್ಟ್ಯೆಸ್ ಒದಗಿಸಿದ್ದರು. ಸತತ ಭಿನ್ನರಾಶಿಗಳ ಅಧ್ಯಯನಕ್ಕಾಗಿ ಅವರು ರೂಪಿಸಿದ ಅನುಕಲನವನ್ನು 1906ರಲ್ಲಿ ಗಾಟಿಂಗನ್‌ನ ಹಿಲ್ಬರ್ಟ್ ಅನಂತ ಚರಗಳ ವರ್ಗರೂಪಗಳಿಗೆ ಅನ್ವಯಿಸಿ, ನಿರಂತರ ಸ್ಪೆಕ್ಟ್ರಮ್ಮನ್ನು ಬೆಳಕಿಗೆ ತಂದರು. ರೀಸ್ 1913ರ ತಮ್ಮ ಪುಸ್ತಕದಲ್ಲಿ ಇದನ್ನು ಆಪರೇಟರ್‌ಗಳ ನೆಲೆಗೆ ತಂದರು. ಆದರೆ ಹಿಲ್ಬರ್ಟ್, ರೀಸ್ ಇಬ್ಬರೂ ಕೈಗೆತ್ತಿಕೊಂಡದ್ದು ಸೀಮಿತ ಆಪರೇಟರ್‌ಗಳನ್ನು.

ಕ್ವಾಂಟಮ್ ಭೌತಶಾಸ್ತ್ರಕ್ಕೆ ಅಷ್ಟು ಸಾಲದಾಯಿತು. ಸ್ಥಾನ, ಸಂವೇಗ ಎರಡೂ ಸೀಮೆಯಿಲ್ಲದ ಆಪರೇಟರ್‌ಗಳು. 1930ರ ಆಸುಪಾಸಿನಲ್ಲಿ ಫಾನ್ ನಾಯ್ಮನ್ ಮತ್ತು ಸ್ಟೋನ್ ಸೆಲ್ಫ್-ಅಡ್ಜಾಯಿಂಟ್ ಆಪರೇಟರ್‌ಗಳೆಲ್ಲಕ್ಕೂ ಸ್ಪೆಕ್ಟ್ರಲ್ ಪ್ರಮೇಯವನ್ನು ವಿಸ್ತರಿಸಿದರು. ಇಬ್ಬರ ಪುಸ್ತಕಗಳೂ 1932ರಲ್ಲೇ ಹೊರಬಂದವು. ಅಳತೆಯ ಫಲ ಒಂದು ಗಣದೊಳಗೆ ಬೀಳುವ ಸಂಭವನೀಯತೆಯನ್ನು ಆ ಗಣದ ಪ್ರಕ್ಷೇಪವೇ ಹೇಳುತ್ತದೆ ಎಂಬುದು ಭೌತವಿಜ್ಞಾನಿಗಳಿಗೆ ಇದರಿಂದ ದೊರೆತ ದೊಡ್ಡ ಲಾಭ.

ಮುಂದಿನ ಹಂತದಲ್ಲಿ ಲಂಬಗುಣ ಸಡಿಲಗೊಂಡಿತು. ಪ್ರಕ್ಷೇಪಗಳ ಬದಲು ಬರೀ ಧನಾತ್ಮಕ ಆಪರೇಟರ್‌ಗಳಿದ್ದರೆ? ಅಂಥ ಮೆಷರ್ ದೊಡ್ಡದೊಂದು ಹಿಲ್ಬರ್ಟ್ ಸ್ಪೇಸಿನ ಸ್ಪೆಕ್ಟ್ರಲ್ ಮೆಷರ್‌ನ ನೆರಳೇ ಎಂದು 1940ರ ದಶಕದ ಆರಂಭದಲ್ಲಿ ನೈಮಾರ್ಕ್ ತೋರಿಸಿದರು. ಕಳೆದ ಗುಣ ಹೊರಗಿನ ಸ್ಪೇಸಿನಲ್ಲಿ ಮರಳಿ ಸಿಕ್ಕಿತು. ಬಾನಾಖ್ ಸ್ಪೇಸ್‌ಗಳಲ್ಲಿ ಅಂಥ ಅನುಕೂಲವಿಲ್ಲ. ಅಲ್ಲಿ ಲಂಬ ಎಂಬ ಕಲ್ಪನೆಯೇ ಇಲ್ಲದ್ದರಿಂದ, 1954ರಲ್ಲಿ ಡನ್‌ಫರ್ಡ್ ರೂಪಿಸಿದ ಸ್ಪೆಕ್ಟ್ರಲ್ ಆಪರೇಟರ್‌ಗಳ ಸಿದ್ಧಾಂತ ಪ್ರಕ್ಷೇಪಗಳ ಸೀಮಿತತೆಯನ್ನು ಷರತ್ತಾಗಿಯೇ ಇಡಬೇಕಾಯಿತು. ಸಿದ್ಧಾಂತ ಸುಂದರ, ವ್ಯಾಪ್ತಿ ಕಿರಿದು: p ಎರಡಲ್ಲದಾಗ ಎಲ್‌ಪಿ ಅನುಕ್ರಮಗಳನ್ನು ಒಂದು ಸ್ಥಾನ ಸರಿಸುವ ಸರಳ ಆಪರೇಟರ್ ಕೂಡ ಇದಕ್ಕೆ ಒಳಪಡುವುದಿಲ್ಲ.

ಅತ್ಯಂತ ಫಲವತ್ತಾದ ಕವಲು ಸೋವಿಯತ್ ಗಣಿತಜ್ಞರಿಂದ ಒಡೆಯಿತು. ಆಪರೇಟರ್ A ಯನ್ನು ತುಸು ಬದಲಿಸಿ B ಮಾಡಿದರೆ, ಒಂದು ಫಂಕ್ಷನ್ f ಗೆ f(A), f(B)ಗಳ ನಡುವಿನ ಅಂತರವೆಷ್ಟು? ಭೌತವಿಜ್ಞಾನಿ ಲಿಫ್ಶಿಟ್ಸ್ 1952ರಲ್ಲಿ ಕಂಡುಕೊಂಡ, ಈ ಅಂತರದ ಟ್ರೇಸ್ ಕೊಡುವ ಸೂತ್ರಕ್ಕೆ ಮರುವರ್ಷವೇ ಎಂ. ಜಿ. ಕ್ರೈನ್ ಗಟ್ಟಿ ಬುನಾದಿ ಹಾಕಿದರು. ಇದೇ ಬಗೆಯ ಪ್ರಶ್ನೆಗಾಗಿ 1956ರಲ್ಲಿ ದಲೆತ್ಸ್ಕಿ ಮತ್ತು ಎಸ್. ಜಿ. ಕ್ರೈನ್ ಎರಡು ಸ್ಪೆಕ್ಟ್ರಲ್ ಮೆಷರ್‌ಗಳ ನಡುವೆ ಒಂದು ಆಪರೇಟರನ್ನಿಟ್ಟು ಅನುಕಲಿಸಿದರು. ಈ ದ್ವಿ-ಅನುಕಲನವನ್ನು 1966ರಿಂದ ಲೆನಿನ್‌ಗ್ರಾಡ್‌ನ ಬಿರ್ಮನ್ ಮತ್ತು ಸೊಲೊಮ್ಯಾಕ್ ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. ನಡುವಿನ ಆಪರೇಟರ್ ಹಿಲ್ಬರ್ಟ್-ಶ್ಮಿಟ್ ವರ್ಗದ್ದಾದರೆ ಲಂಬಗುಣ ಉಳಿಯುತ್ತದೆ, ಎಲ್ಲ ಸೀಮಿತ ಫಂಕ್ಷನ್‌ಗಳೂ ಸಲ್ಲುತ್ತವೆ. ಉಳಿದ ನಾರ್ಮ್‌ಗಳಲ್ಲಿ ಆ ಭರವಸೆಯಿಲ್ಲ.

ಎಷ್ಟಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. f ನಯವಾಗಿದ್ದು ಅದರ ನಿಷ್ಪನ್ನ ಸೀಮಿತವಾಗಿದ್ದರೂ ಟ್ರೇಸ್ ಸೂತ್ರ ಸೋಲಬಹುದೆಂದು 1972ರಲ್ಲಿ ಫಾರ್ಫೊರೊವ್ಸ್ಕಾಯಾ ಪ್ರತ್ಯುದಾಹರಣೆ ಕೊಟ್ಟರು. ಬೆಸೊವ್ ವರ್ಗದ ಫಂಕ್ಷನ್‌ಗಳಾದರೆ ತೊಂದರೆಯಿಲ್ಲವೆಂದು 1985ರಲ್ಲಿ ಪೆಲ್ಲರ್ ಸಾಧಿಸಿದರು. 2011ರಲ್ಲಿ ಪೊತಾಪೊವ್ ಮತ್ತು ಸುಕೊಚೆವ್, ಶಾಟನ್ ವರ್ಗಗಳಲ್ಲಿ ಘಾತ p ಒಂದಕ್ಕಿಂತ ಹೆಚ್ಚಾಗಿದ್ದು ಅನಂತವಲ್ಲದಿದ್ದರೆ ಎಲ್ಲ ಲಿಪ್ಶಿಟ್ಜ್ ಫಂಕ್ಷನ್‌ಗಳೂ ನಡೆಯುತ್ತವೆ ಎಂದು ಸಾಬೀತುಪಡಿಸಿ ದಶಕಗಳ ಪ್ರಶ್ನೆಯೊಂದನ್ನು ಮುಗಿಸಿದರು.

ಈ ಪರಂಪರೆಯಲ್ಲಿ ಭಾರತದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ಗಣಿತ ಪತ್ರಿಕೆಯಲ್ಲಿ 1994ರಲ್ಲಿ ಕಲ್ಯಾಣ್ ಸಿನ್ಹಾ ಮತ್ತು ಮೊಹಾಪಾತ್ರ ಪ್ರಕಟಿಸಿದ ದೀರ್ಘ ಲೇಖನ, ಎಂ. ಜಿ. ಕ್ರೈನ್ ಅವರ ಟ್ರೇಸ್ ಸೂತ್ರವನ್ನು ಮೂಲದಿಂದ ಕಟ್ಟಿಕೊಡುತ್ತದೆ.

ನಮ್ಮ ಎಂಎಸ್ಸಿ ತರಗತಿಗಳಲ್ಲಿ ಸ್ಪೆಕ್ಟ್ರಲ್ ಪ್ರಮೇಯವನ್ನು ಪಾಠದ ಕೊನೆಯಲ್ಲಿಟ್ಟು ಮುಗಿಸುವುದುಂಟು. ಅದು ಆರಂಭವಾಗಬೇಕು. ಪ್ರಮೇಯವನ್ನು ಕಲಿತ ವಿದ್ಯಾರ್ಥಿ ಅದರ ಸಾಧನೆಯಲ್ಲಿ ಪೈಥಾಗೊರಸ್ ಎಲ್ಲಿ ಬಳಕೆಯಾದರೆಂದು ಗುರುತಿಸಲಿ, ಆ ಸಾಲನ್ನು ತೆಗೆದರೆ ಏನು ಉಳಿಯುತ್ತದೆಂದು ಕೇಳಲಿ. ಈ ಕ್ಷೇತ್ರದ ಒಳ್ಳೆಯ ಸಂಶೋಧನೆಯಲ್ಲಿ ಬಹುಪಾಲು ಆ ಪ್ರಶ್ನೆಯಿಂದಲೇ ಹುಟ್ಟಿದೆ.